ಖಂಡೆ ಪೂಜೆಯ ಬಂದೂಕಿನ ಹಿಡಿ

ಉಳವಪ್ಪ ಬಡಿಗೇರ ಮಾಡಿದ ತಪ್ಪು ಒಂದೇ, ಮಹಾನವಮಿಯ ಮುಂಜಾನೆ ಮನೆ ಬಿಟ್ಟು ಕೆರೆಗೆ ಸ್ನಾನಕ್ಕೆ ಹೋಗಿದ್ದು.

ಚೀನಾದವರ ಕೂಡ ಯುದ್ಧ ಆಗಿ ವರ್ಷ ತುಂಬುತ್ತ ಬಂದಿತ್ತು. ಸೈನ್ಯಕ್ಕೆ ಹೊಸ ಬಂದೂಕು ತಯಾರಾಗುತ್ತಿತ್ತು. ಅದರ ಕಟ್ಟಿಗೆ ಹಿಡಿ ಮಾಡುವ ಚಲೋ ಕೈ ಹುಡುಕುತ್ತ ಕಾರಖಾನೆಯ ಸಾಹೇಬರೊಬ್ಬರು ಹಳಿಯಾಳಕ್ಕೆ ಬಂದಿದ್ದರು. ಉಳವಪ್ಪನಿಗೆ ಮಾದರಿಯ ಹಿಡಿಯೊಂದನ್ನೂ ಅದೇ ಜಾತಿಯ ಕಟ್ಟಿಗೆ ತುಂಡನ್ನೂ ಕೊಟ್ಟು, "ಇದರಂಗ ಒಂದು ಮಾಡು. ಕೂದಲೆಳೆ ಹೆಚ್ಚುಕಮ್ಮಿ ಆಗಬಾರ್ದು. ನವಮಿ ದಿನ ಬಂದು ನೋಡ್ತೇನಿ. ಪಾಸಾದ್ರ ಐನೂರು ಹಿಡಿ ಮಾಡೂ ಕೆಲಸ ನಿನಗ. ಮಾದರಿ ಸರಕಾರದ್ದು, ಕೆಡಿಸಿದ್ರ ಜೈಲು" ಅಂದು ಹೋಗಿದ್ದರು. ಅಷ್ಟು ದಿನ ಮಂಚದ ಕಾಲು ಕೆತ್ತಿಕೊಂಡು ಆರಾಮಿದ್ದವನಿಗೆ ಅಂದಿನಿಂದ ಅನ್ನ ಇಳಿದಿರಲಿಲ್ಲ.

ಸ್ನಾನ ಮುಗಿಸಿ ಬಂದವನು ಅಂಗಳದಲ್ಲೇ ನಿಂತುಬಿಟ್ಟ. ಜಗಲಿಯ ಮೇಲೆ ಆಯುಧಪೂಜೆಗೆ ಇಟ್ಟ ಉಳಿ, ಬಾಚಿ, ಗರಗಸಗಳ ನಡುವೆ ಎರಡೂ ಹಿಡಿಗಳು ಮೈತುಂಬ ಎಣ್ಣೆ, ಅರಿಷಿಣ, ಕುಂಕುಮ ಬಳಿದುಕೊಂಡು ಮದುಮಕ್ಕಳಂತೆ ಕೂತಿದ್ದವು.

"ದೇಶದ ಬಂದೂಕು, ಖಂಡೆ ಪೂಜಿ ಇಲ್ಲದ ಹೋಗಬಾರ್ದು. ನಾನ ನಿಂತು ಮಾಡಿಸೇನಿ," ಅಂದಳು ಪಕ್ಕದ ಮನೆಯ ಮಹಾದೇವಕ್ಕ.

ಉಳವಪ್ಪ ಹೆಂಡತಿಯತ್ತ ತಿರುಗಿದ. "ಶಿವವ್ವಾ, ಇದರಾಗ ನಂದ್ಯಾವುದು?"

"ಎರಡೂ ಒಂದ ಥರಾ ಅದಾವ. ಮಾಡಿದವರು ನೀವು, ನಿಮಗ ತಿಳಿವಲ್ದೇನು?"

ತಿಳಿಯಲಿಲ್ಲ. ಕೆಲಸ ಮುಗಿದಾಗ ನಳಿಗೆಯ ಕಬ್ಬಿಣ ಕೂಡ್ರುವ ಗಾಡಿಯೊಳಗೆ, ಆ ಉದ್ದನೆಯ ತೋಡಿನಲ್ಲಿ, ಉಳಿಯಿಂದ ಒಂದು ಚುಕ್ಕಿ ಹೊಡೆಯುವುದು ಅವನ ರೂಢಿ. ಆದರೆ ಎರಡು ಗಾಡಿಯಲ್ಲೂ ಕುಂಕುಮ ಮೆತ್ತಿ ಒಣಗಿತ್ತು. ಎತ್ತಿ ತೂಗಿ ನೋಡಿ, ಇದೇ ತನ್ನದು ಎಂದು ಒಂದನ್ನು ಧೋತರದಲ್ಲಿ ಮುಚ್ಚಿಕೊಂಡು ಹಿತ್ತಲಿಗೆ ಹೊರಟ.

"ಇವತ್ತ ಹತ್ಯಾರ ಮುಟ್ಟಬಾರ್ದು ನೋಡು," ಹಿಂದಿನಿಂದ ಮಹಾದೇವಕ್ಕನ ಕಾವಲು.

ಪಾಲಿಶ್ ಪೇಪರ್ ಹತ್ಯಾರವಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು ಉಜ್ಜಿದ. ಎಣ್ಣೆ ಒಳಗಿಳಿದಿತ್ತು. ಬೆವರು ಸುರಿಸುತ್ತ ಮತ್ತೂ ಉಜ್ಜಿದ. ಮೊದಲು ತನ್ನದು ನೆಟ್ಟಗಾಗಲಿ, ಆಮೇಲೆ ಸರಕಾರದ್ದನ್ನು ಅರಿವೆಯಿಂದ ಒರೆಸಿದರಾಯಿತು ಅಂದುಕೊಳ್ಳುವಷ್ಟರಲ್ಲಿ ಓಣಿಯಲ್ಲಿ ಜೀಪಿನ ಸಪ್ಪಳ ಬಂತು.

ಸಾಹೇಬರು ಜಗಲಿಯ ಮೇಲಿನ ಹಿಡಿಯನ್ನು ಎತ್ತಿಕೊಂಡರು. ಉಳವಪ್ಪ ಉಜ್ಜುತ್ತಿದ್ದ ಹಿಡಿಯನ್ನು ಹಿಡಿದುಕೊಂಡೇ ಹಿತ್ತಲಿಂದ ಓಡಿ ಬಂದ.

"ಎಣ್ಣಿ ಹಚ್ಚೀರಿ? ಚಲೋ ಆತು. ಹೆಂಗೂ ನಾವು ಎಣ್ಣಿ ಕುಡಸೂದ." ಅನ್ನುತ್ತ ಗಾಡಿಯನ್ನು ಕರವಸ್ತ್ರದಿಂದ ಒರೆಸಿದರು. "ಇದರಾಗ ಚುಕ್ಕಿ ಐತಿ. ನಮ್ಮ ಮಾದರ್ಯಾಗ ಇರಲಿಲ್ಲ. ಇದು ನಿಂದೇನು?"

ಉಳವಪ್ಪ ತನ್ನ ಕೈಯಲ್ಲಿದ್ದ ಹಿಡಿಯನ್ನು ನೋಡಿದ. ಹಾಗಾದರೆ ಹಿತ್ತಲಲ್ಲಿ ಉಜ್ಜಿದ್ದು?

"ನಂದರಿ," ಅಂದ.

ಸಾಹೇಬರು ಅವನ ಕೈಯಲ್ಲಿದ್ದ ಇನ್ನೊಂದನ್ನು ಇಸಿದುಕೊಂಡು ಎರಡನ್ನೂ ಜೋಡಿಸಿ ಅಳೆದರು, ತಲೆ ಅಲ್ಲಾಡಿಸಿದರು. "ಮಾದರಿಗಿಂತ ನಿಂದು ಕೂದಲೆಳೆ ದಪ್ಪ ಆಗೇತಿ. ಪಾಸಿಲ್ಲ."

"ಸಾಹೇಬ್ರ, ಆ ಮಾದರಿ ನಾನ..." ಅಂದವನಿಗೆ ಜೈಲು ನೆನಪಾಯಿತು. ಉಳಿದ ಮಾತನ್ನು ನುಂಗಿದ.

ಜೀಪು ಹತ್ತುವ ಮುಂದೆ ಸಾಹೇಬರು ಮಾದರಿಯ ಮೈಮೇಲೆ ಪ್ರೀತಿಯಿಂದ ಕೈಯಾಡಿಸಿದರು. "ಇದರ ನುಣುಪು ನೋಡು. ನಮ್ಮ ಕಾರಖಾನಿ ಬಡಿಗೇರನ ಕೈಗುಣ ಅಂದ್ರ ಇದು. ನೋಡಿ ಕಲಿ."

"ಹೌದ್ರಿ," ಅಂದ ಉಳವಪ್ಪ, ಬೆನ್ನ ಹಿಂದೆ ಪಾಲಿಶ್ ಪೇಪರ್ ಮುದುರುತ್ತ.