ಮಾವನ ಗೀಸರ್, ಅತ್ತೆಯ ಮಾತು

ನಮ್ಮ ಸೋದರಮಾವನ ಮನೆಯಲ್ಲಿ ಸ್ನಾನ ಮಾಡಿ ಬಂದವರನ್ನು ಯಾರು ಬೇಕಾದರೂ ಗುರುತು ಹಿಡಿಯಬಹುದು. ಅವರ ಗಂಟಲು ಕಟ್ಟಿರುತ್ತದೆ! ತಣ್ಣೀರಿನಿಂದಲ್ಲ ಸ್ವಾಮಿ, ಕೂಗಿ ಕೂಗಿ.

ಮರ್ಫಿ ಟೌನಿನ ಆ ಪುಟ್ಟ ಮನೆಯಲ್ಲಿ ಒಂದು ಗ್ಯಾಸ್ ಗೀಸರ್ ಇದೆ. ಹತ್ತುತ್ತದೆ, ಒಂದೆರಡು ಚೊಂಬು ಬಿಸಿನೀರು ಕೊಡುತ್ತದೆ, ಆಮೇಲೆ ಅದಕ್ಕೆ ಏನು ನೆನಪಾಗುತ್ತದೋ ಏನೋ, ಆರಿಹೋಗುತ್ತದೆ. ಅದು ಇರುವುದೂ ಬಚ್ಚಲ ಒಳಗಲ್ಲ. ಗೋಡೆಯ ಆಚೆ, ಬಟ್ಟೆ ಒಗೆಯುವ ಕಲ್ಲಿನ ಮೇಲೆ, ತಗಡಿನ ಸೂರಿನ ಕೆಳಗೆ. "ಬಾಗಿಲು ಹಾಕ್ಕೊಂಡು ಒಳಗಡೆ ಗ್ಯಾಸ್ ಉರಿಸ್ತಾರೇನಮ್ಮ? ಉಸಿರು ಕಟ್ಟಿದ್ರೆ ಗೊತ್ತೂ ಆಗಲ್ಲ. ಹಿಂದೆ ಹಂಡೆ ಒಲೆ ಬಾಯಿ ಯಾವ ಕಡೆ ಇರ್ತಿತ್ತು? ಹೊರಗಡೆ ತಾನೆ?" ಎಂಬುದು ಮಾವನ ವಾದ. ವಾದವೇನೋ ಸರಿ. ಆದರೆ ಮೈಗೆಲ್ಲ ಸೋಪು ಬಳಿದುಕೊಂಡು ಒಳಗೆ ನಿಂತವರು ಹೊರಗಿನ ಗೀಸರನ್ನು ಹಚ್ಚುವುದು ಹೇಗೆ?

ಅದಕ್ಕೇ ಆ ಮನೆಗೊಂದು ಪದ್ಧತಿ. ಯಾರು ಸ್ನಾನಕ್ಕೆ ಹೋದರೂ ಮಾವ ಸ್ಟೂಲ್ ಹಾಕಿಕೊಂಡು ಗೀಸರಿನ ಎದುರು ಕೂರುತ್ತಾರೆ. ನೀರು ತಣ್ಣಗಾದ ಕೂಡಲೇ ಒಳಗಿನವರು "ಆರೋಯ್ತು!" ಅಂತ ಕೂಗಬೇಕು. ಮಾವ ಹೊರಗಿನಿಂದ "ಇರೇ, ಹಚ್ತೀನಿ! ನಲ್ಲಿ ನಿಲ್ಸು! ಹ್ಞಾಂ, ಈಗ ಬಿಡು!" ಅನ್ನುತ್ತಾರೆ. ಟಕಟಕ ಅಂತ ಕಿಡಿ ಹಾರಿ ಭಗ್ಗನೆ ಉರಿ ಹತ್ತುತ್ತದೆ. ಎದುರಿಗೇ ಕೂತಿದ್ದಾರಲ್ಲ, ಆರಿದ್ದು ಅವರಿಗೆ ಕಾಣುವುದಿಲ್ಲವೇ ಅಂತ ಕೇಳುತ್ತೀರಾ? ಚೆನ್ನಾಗಿ ಕಾಣುತ್ತದೆ. ಆದರೆ ಕಂಪ್ಲೇಂಟ್ ಬಾರದೆ ಮೆಷೀನಿಗೆ ಕೈ ಹಚ್ಚಬಾರದು ಅನ್ನುವುದು ಮಾವನ ಫ್ಯಾಕ್ಟರಿ ಕಾಲದ ನಿಯಮ.

ಫ್ಯಾಕ್ಟರಿಯಲ್ಲಿ ಅವರು ಇದ್ದದ್ದು ಇನ್‌ಸ್ಪೆಕ್ಷನ್ ಸೆಕ್ಷನ್ನಿನಲ್ಲಿ. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕಿ ಕೆಂಪು ಬಣ್ಣ ಬಳಿಯುವುದೇ ಕೆಲಸ. ನಿವೃತ್ತರಾದ ದಿನ ಬಣ್ಣ ಫ್ಯಾಕ್ಟರಿಯಲ್ಲಿ ಉಳಿಯಿತು, ಚಾಳಿ ಮಾತ್ರ ಮನೆಗೆ ಬಂತು. ಇಡ್ಲಿ ಒಂದು ಕಡೆ ದಪ್ಪ ಇದ್ದರೆ ರಿಜೆಕ್ಟ್. ದರ್ಜಿ ಹೊಲಿದ ಶರಟು ರಿಜೆಕ್ಟ್. ನನ್ನನ್ನು ನೋಡಲು ಬಂದ ಗಂಡನ್ನೂ ಬಿಡಲಿಲ್ಲ! "ಹುಡುಗ ಪರವಾಗಿಲ್ಲ. ಎಡಗಡೆ ಭುಜ ಸ್ವಲ್ಪ ಇಳಿದಿದೆ" ಅಂದರು. ನನ್ನ ಗಂಡ ಇವತ್ತಿಗೂ ಅವರೆದುರು ಎಡಭುಜ ಎತ್ತಿಕೊಂಡೇ ಓಡಾಡುತ್ತಾನೆ.

ಇಂಥವರ ಕೈಗೆ ಆರಿಹೋಗುವ ಗೀಸರ್ ಸಿಕ್ಕಿದರೆ ಕೇಳಬೇಕೇ? ಮೊದಲು ಸೆಲ್ ಮೇಲೆ ಅನುಮಾನ. ಮನೆಯ ಟಾರ್ಚುಗಳ ಸೆಲ್ಲನ್ನೆಲ್ಲ ಗೀಸರಿಗೆ ಹಾಕಿ ನೋಡಿದರು. ಕರೆಂಟು ಹೋದಾಗ ಮನೆಯವರು ಕತ್ತಲಲ್ಲಿ ಕೂತರು, ಗೀಸರ್ ಎಂದಿನಂತೆ ಆರಿತು. ಆಮೇಲೆ ಗಾಳಿಯ ಮೇಲೆ ಅನುಮಾನ. ಅತ್ತೆಯ ಹೂವಿನ ಛತ್ರಿಯನ್ನು ಬಿಚ್ಚಿ ಗೀಸರಿನ ಪಕ್ಕಕ್ಕೆ ಕಟ್ಟಿದರು. ಛತ್ರಿ ಗಾಳಿಗೆ ಹಾರಿ ಪಕ್ಕದ ಮನೆಯ ಹಪ್ಪಳದ ಮೇಲೆ ಬಿತ್ತು. ಆಮೇಲೆ ನೀರಿನ ಪ್ರೆಷರ್. ಒಬ್ಬರು ಸ್ನಾನಕ್ಕೆ ಹೋದರೆ ಮನೆಯಲ್ಲಿ ಇನ್ಯಾರೂ ನಲ್ಲಿ ಮುಟ್ಟುವಂತಿಲ್ಲ. ಎಂಥ ಅವಸರವಿದ್ದರೂ ಸರಿ!

ಮೆಕ್ಯಾನಿಕ್‌ನ ಕರೆಸಿ ಅಂದರೆ ಸಿಟ್ಟು. "ತಪ್ಪು ಹುಡುಕೋದು ನನ್ನ ಕಸುಬು. ಅವನೇನು ಹುಡುಕ್ತಾನೆ?"

ಈ ಪದ್ಧತಿಯಿಂದ ಚೆನ್ನಾಗಿ ಲಾಭ ಪಡೆದವರು ನಮ್ಮ ಅತ್ತೆ. ಎದುರಾ ಎದುರು ಗಂಡನಿಗೆ ಹೇಳಲಾಗದ್ದನ್ನೆಲ್ಲ ಗೋಡೆಯ ಮರೆಯಿಂದ ಹೇಳುತ್ತಿದ್ದರು. "ರೀ, ಆರೋಯ್ತು! ಇದಕ್ಕೂ ನಿಮ್ಮ ಥರಾನೇ, ಅರ್ಧ ಕೆಲಸಕ್ಕೇ ನಿದ್ದೆ!" "ಇರೇ, ಹಚ್ತೀನಿ!" "ಮದುವೆಯಾದಾಗಿಂದ ಇರ್ತಾನೇ ಇದೀನಿ!" ಬೀದಿಗೆಲ್ಲ ಕೇಳಿಸುತ್ತಿತ್ತು. ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯ ತಮಿಳು ಅಕ್ಕ "ಎನ್ನ ಸಾರ್, ಇನ್ನಿಕ್ಕುಂ ಅಣೆಂಜಿಡ್ಚಾ?" ಅನ್ನುತ್ತಿದ್ದಳು. ಇವತ್ತೂ ಆರೋಯ್ತಾ ಅಂತ! ಸ್ಟೂಲ್ ಮೇಲೆ ಕೂತ ಮಾವನ ಮುಖದಲ್ಲಿ ನಗು ಇರುತ್ತಿತ್ತು, ನಾನೇ ನೋಡಿದ್ದೇನೆ.

ಹೋದ ವರ್ಷ ಅತ್ತೆಗೆ ಲಕ್ವ ಹೊಡೆಯಿತು. ಕೈಕಾಲು ನಿಧಾನಕ್ಕೆ ಸ್ವಲ್ಪ ಬಂತು. ಮಾತು ಬರಲಿಲ್ಲ. ಮಾತು ಕಲಿಸುವ ಡಾಕ್ಟರಮ್ಮ ಲೋಟ ತೋರಿಸಿ "ಇದೇನು ಹೇಳಿ" ಅಂದರೆ ಅತ್ತೆ ಲೋಟವನ್ನೇ ನೋಡುತ್ತಾ ಕೂರುತ್ತಿದ್ದರು, ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಮಾವ ದಿನವೂ ಬೆಳಿಗ್ಗೆ ಅವರ ಎದುರು ಕೂತು "ಲೋಟ... ಲೋ... ಟ" ಅಂತ ಹೇಳಿಕೊಡುತ್ತಿದ್ದರು. ಇಡ್ಲಿ ವಕ್ರವಾಗಿದ್ದರೂ ಸುಮ್ಮನೆ ತಿನ್ನುತ್ತಿದ್ದರು. ಒಂದೇ ಒಂದು ಮಾತು ಬಂದರೆ ಸಾಕು, ಬೈಗುಳವಾದರೂ ಸರಿ ಅನ್ನುತ್ತಿದ್ದರು.

ಭಾನುವಾರಗಳಲ್ಲಿ ಮಹದೇವಪುರದ ನಮ್ಮ ಮನೆಯಿಂದ ಬಂದು ಅತ್ತೆಗೆ ಸ್ನಾನ ಮಾಡಿಸುವುದು ನನ್ನ ಪಾಲಿಗೆ ಬಂದಿತ್ತು. ಒಂದು ಭಾನುವಾರ ಅವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಬೆನ್ನಿಗೆ ನೀರು ಬಿಡುತ್ತಿದ್ದೆ. ಗೀಸರ್ ಆರಿತು, ತಣ್ಣೀರು ಬಿತ್ತು. ಅತ್ತೆ ಬೆಚ್ಚಿ, ತುಟಿ ವಾರೆಯಾಗಿದ್ದರೂ ಮೊದಲಿನದೇ ಗಂಟಲಿನಲ್ಲಿ ಕೂಗಿದರು:

"ರೀ, ಆರೋಯ್ತು!"

ನನ್ನ ಕೈಯಿಂದ ಚೊಂಬು ಜಾರಿತು. ಬಾಗಿಲು ಸರಿಸಿ ಇಣುಕಿದೆ. ಮಾವ ಗೋಡೆಗೆ ಹಣೆ ಒತ್ತಿಕೊಂಡು ಅಳುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಮೂಗು ಒರೆಸಿಕೊಂಡು, "ಇರೇ, ಹಚ್ತೀನಿ" ಅಂದರು.

ಡಾಕ್ಟರಮ್ಮ ಹೇಳಿದರು, ಮಾತೆಲ್ಲ ಹೋದರೂ ನಾಲಿಗೆಗೆ ಪಳಗಿದ ಒಂದೊಂದು ಮಾತು ಉಳಿದುಕೊಳ್ಳುವುದುಂಟು ಅಂತ. ಅತ್ತೆಗೆ ಉಳಿದದ್ದು ಅದೊಂದೇ. ದೇವರ ಹೆಸರಲ್ಲ, ಹೆತ್ತ ಮಕ್ಕಳ ಹೆಸರಲ್ಲ, ಈ ದರಿದ್ರ ಗೀಸರಿನ ಕಂಪ್ಲೇಂಟು!

ಅತ್ತೆಯ ಮೈಮೇಲೆ ತಣ್ಣೀರು ಬೀಳದಿರಲಿ ಅಂತ ನಾನು ಆಗಲೇ ಮೆಕ್ಯಾನಿಕ್‌ಗೆ ಹೇಳಿಬಿಟ್ಟಿದ್ದೆ. ಬಂದವನು ಇನ್ನೂ ಮುಚ್ಚಳಕ್ಕೆ ಕೈ ಹಾಕಿಲ್ಲ, ಮಾವ ಅಡ್ಡ ನಿಂತರು.

"ಏನೂ ಪ್ರಾಬ್ಲಂ ಇಲ್ಲಪ್ಪ. ಹೋಗ್ಬಿಟ್ ಬಾ."

ಅವನು ಹೋದ ಮೇಲೆ ನನ್ನ ಹತ್ತಿರ ಮೆಲ್ಲಗೆ ಹೇಳಿದರು. "ಉರಿ ನೋಡೋ ಕಡ್ಡಿ ಮೇಲೆ ಮಸಿ ಕೂತಿದೆಯಮ್ಮ. ಉರಿ ಇದ್ರೂ ಇಲ್ಲ ಅನ್ಕೊಂಡು ಗ್ಯಾಸ್ ನಿಲ್ಲಿಸ್ಬಿಡತ್ತೆ. ಮೊನ್ನೇನೇ ಕಂಡು ಹಿಡಿದೆ. ಬಟ್ಟೇಲಿ ಒರೆಸಿದ್ರೆ ಆಯ್ತು."

"ಮತ್ತೆ ಒರೆಸ್ಲಿಲ್ವಾ ಮಾವ?"

"ಒರೆಸಿಬಿಟ್ರೆ ಅವಳು ನನ್ನ ಕರೆಯೋದು ಯಾವಾಗ?"

ಜೀವಮಾನದಲ್ಲಿ ಒಂದು ಸರಿಯಾದ ಇಡ್ಲಿಯನ್ನೂ ಪಾಸು ಮಾಡದ ಮನುಷ್ಯ ಕೆಟ್ಟ ಗೀಸರನ್ನು ಪಾಸು ಮಾಡಿದರು! ಅತ್ತೆಗೆ ಥಂಡಿಯಾಗದಿರಲಿ ಅಂತ ಒಲೆಯ ಮೇಲೆ ಬೇರೆ ನೀರು ಕಾಯಿಸಿ ನನ್ನ ಪಕ್ಕ ಬಕೆಟ್ಟಿನಲ್ಲಿ ಇಟ್ಟಿರುತ್ತಿದ್ದರು. ತಣ್ಣೀರು ಬಿದ್ದದ್ದೇ ಅತ್ತೆ ಕೂಗುವರು, ನಾನು ಬಿಸಿನೀರು ಹುಯ್ಯುವೆ, ಮಾವ ಹೊರಗಿನಿಂದ ಉತ್ತರ ಕೊಡುವರು. ಕಾಂಪೌಂಡಿನಾಚೆಯ ಅಕ್ಕ ಈಗ ಏನೂ ಕೇಳುತ್ತಿರಲಿಲ್ಲ. ಅತ್ತೆಯ ದನಿ ಕೇಳಿದರೆ ಕೈಯಲ್ಲಿದ್ದ ಪಾತ್ರೆ ಇಟ್ಟು ಸುಮ್ಮನೆ ನಿಲ್ಲುತ್ತಿದ್ದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಅತ್ತೆಗೆ ಇನ್ನೊಂದು ಸಲ ಲಕ್ವ ಹೊಡೆಯಿತು. ಆಸ್ಪತ್ರೆಯಿಂದ ಬಂದ ಮೇಲೆ ಒಮ್ಮೆ ಮಾತ್ರ ಅವರನ್ನು ಬಚ್ಚಲಿಗೆ ಕರೆದುಕೊಂಡು ಹೋದೆವು. ಗೀಸರ್ ಆರಿತು. ಅತ್ತೆ ಕೂಗಲಿಲ್ಲ. ನೀರು ಎತ್ತಲೋ ಬೀಳುತ್ತಿದೆ ಅನ್ನುವ ಹಾಗೆ ಕೂತಿದ್ದರು. ಹೊರಗೆ ಮಾವ ಕಾದರು. ಕೊನೆಗೆ ಅವರೇ ಗೋಡೆಗೆ ಬಾಯಿ ಹಚ್ಚಿ, "ಏನೇ, ಆರೋಯ್ತಾ?" ಅಂತ ಕೇಳಿದರು. ನಾನು ಬಕೆಟ್ಟಿನ ಬಿಸಿನೀರು ಹುಯ್ದೆ.

ಅದೇ ವಾರ ಅತ್ತೆ ಹೋದರು.

ಕಾರ್ಯವೆಲ್ಲ ಮುಗಿದು ನೆಂಟರು ಹೊರಟ ಮೇಲೆ ನಾನು ಅಲ್ಲೇ ತಲೆಗೆ ನೀರು ಹಾಕಿಕೊಂಡೆ. ಬಿಸಿನೀರು ಸುರಿಯುತ್ತಲೇ ಇತ್ತು. ಸೋಪು ಹಚ್ಚಿ ಕಾದೆ. ಆರಲಿಲ್ಲ. ಮಾವ ಮಸಿ ಒರೆಸಿದ್ದರು. ಆದರೂ ಹೊರಗೆ ಸ್ಟೂಲ್ ಎಳೆದ ಸದ್ದು ಆಗಲೇ ಕೇಳಿಸಿತ್ತು. ಯಾರೂ ಹೇಳದಿದ್ದರೂ ಬಂದು ಕೂತಿದ್ದರು. ಆರದ ಉರಿಯ ಎದುರು ಅವರು ಒಬ್ಬರೇ ಕೂತಿದ್ದಾರೆ ಅನ್ನುವುದು ನನಗೆ ಸಹಿಸಲಾಗಲಿಲ್ಲ.

"ಮಾವ, ಆರೋಯ್ತು!" ಅಂತ ಕೂಗಿಬಿಟ್ಟೆ.

ಮಾವನ ಕಣ್ಣೆದುರಿಗೇ ಉರಿ ಧಗಧಗ ಉರಿಯುತ್ತಿತ್ತು, ಅವರಿಗೆ ಕಾಣುತ್ತಲೂ ಇತ್ತು. ಗೋಡೆಯ ಆಚೆ ಸ್ಟೂಲ್ ಸರಿದ ಸದ್ದಾಯಿತು. ಆಮೇಲೆ ಆ ದನಿ ಬಂತು.

"ಇರೇ, ಹಚ್ತೀನಿ."