ಅರಿಶಿನ ಬೈಬಲ್‌ನಲ್ಲಿ ಎಲ್ಲಿದೆ?

ಪ್ರತಿ ಬಂಧುಬಳಗಕ್ಕೂ ಒಬ್ಬ ಬಲಿಪಶು ಬೇಕು. ಕೆಲವರಲ್ಲಿ ನಲ್ಲಿ ಸೋರಿದರೆ, ಫ್ಯೂಸ್ ಹೋದರೆ ಕರೆಯುವುದಕ್ಕೆ ಒಬ್ಬ ಭಾವ ಇರುತ್ತಾನೆ. ಇನ್ನು ಕೆಲವರಲ್ಲಿ ಎಲ್ಲರಿಗೂ ರೈಲು ಟಿಕೆಟ್ ಮಾಡಿಸಿಕೊಡುವುದಕ್ಕೆಂದೇ ಒಬ್ಬ ಚಿಕ್ಕಪ್ಪ ಹುಟ್ಟಿರುತ್ತಾನೆ. ನಮ್ಮಲ್ಲಿ ಬೈಬಲ್‌ನಲ್ಲಿ ಏನಿದೆ, ಏನಿಲ್ಲ ಎಂದು ಹೇಳುವುದಕ್ಕೆ ನಾನಿದ್ದೇನೆ. ಈ ಕೆಲಸಕ್ಕೆ ಸಂಬಳವಿಲ್ಲ, ರಜೆಯಿಲ್ಲ, ನಿವೃತ್ತಿಯಂತೂ ಇಲ್ಲವೇ ಇಲ್ಲ. ಕಚೇರಿಯ ಗುಮಾಸ್ತಿಕೆಯಿಂದ ನನಗೆ ಹಾರ ಹಾಕಿ, ಪೇಟ ಸುತ್ತಿ ಬಿಡುಗಡೆ ಕೊಟ್ಟರು. ಇದರಿಂದ ಬಿಡಿಸುವ ಪುಣ್ಯಾತ್ಮರು ಯಾರೂ ಕಾಣಿಸುತ್ತಿಲ್ಲ. ನನ್ನನ್ನು ಮಣ್ಣು ಮಾಡಿದ ಮೇಲೂ ಯಾರಾದರೂ ಗೋರಿಯ ಹತ್ತಿರ ಬಂದು 'ಒಂದು ಸಣ್ಣ ಡೌಟು' ಎನ್ನುತ್ತಾರೆಂದೇ ನನ್ನ ಅನುಮಾನ.

ತಪ್ಪು ಒಂದು ಟಿಫಿನ್ ಕ್ಯಾರಿಯರ್‌ನದು. ನಮ್ಮ ಚರ್ಚಿನ ರಸಪ್ರಶ್ನೆ ಸ್ಪರ್ಧೆಯಲ್ಲಿ ಅದನ್ನು ಬಹುಮಾನವಾಗಿ ಗೆದ್ದ ದಿನದಿಂದ ನನ್ನ ನೆಮ್ಮದಿ ಹೋಯಿತು. ಆದಾಮ ತಿಂದದ್ದು ಸೇಬು ತಾನೇ ಎಂದು ಫೋನು. ಹಣ್ಣು ಎಂದಿದೆ, ಯಾವ ಹಣ್ಣೆಂದು ಬರೆದಿಲ್ಲ ಎಂದರೆ, ಇಷ್ಟು ವರ್ಷ ಚಿತ್ರದಲ್ಲಿ ನೋಡಿದ್ದು ಸುಳ್ಳಾ ಎಂದು ನನ್ನ ಮೇಲೇ ಕೋಪ. ಯೇಸು ಹುಟ್ಟಿದಾಗ ನಕ್ಷತ್ರ ನೋಡಿ ಬಂದ ಜೋಯಿಸರು ಮೂವರೇ ಎಂದು ಕ್ರಿಸ್‌ಮಸ್ ನಾಟಕ ಆಡಿಸುವ ಹೆಂಗಸೊಬ್ಬರು ಕೇಳಿದರು. ಕಾಣಿಕೆ ಮೂರು ಬಗೆ, ಜನ ಎಷ್ಟೆಂದು ಹೇಳಿಲ್ಲ ಎಂದುಬಿಟ್ಟೆ. ಆ ವರ್ಷ ಜರಿಪೇಟದ ಆಸೆಗೆ ಮಕ್ಕಳೆಲ್ಲ ಜೋಯಿಸರಾದರು. ಕುರುಬನ ಪಾತ್ರಕ್ಕೆ ಕಂಬಳಿ ಹೊದೆಯುವುದಕ್ಕೆ ಒಬ್ಬನೂ ಸಿಗದೆ ಕಡೆಗೆ ನಾನೇ ಹೊದ್ದು ನಿಂತೆ.

ಇವೆಲ್ಲ ಹೋಗಲಿ, ಸಹಿಸಿಕೊಂಡಿದ್ದೆ. ಈ ವರ್ಷ ಮಗಳು ರೂತ್‌ಗೆ ಮದುವೆ ಗೊತ್ತಾಯಿತು ನೋಡಿ, ಬೈಬಲ್ ನನ್ನ ಮನೆಯ ನಡುಮನೆಗೇ ಬಂದು ಕೂತಿತು. ನಮ್ಮ ಕಡೆಯ ಕ್ರೈಸ್ತರ ಮನೆಗಳಲ್ಲಿ ಮದುವೆಯ ಹಿಂದಿನ ಸಂಜೆ ಹುಡುಗಿಗೆ ಅರಿಶಿನ ಹಚ್ಚುವುದು ಮುತ್ತಜ್ಜಿಯರ ಕಾಲದಿಂದ ಬಂದದ್ದು. ಮೊದಲು ಪ್ರಾರ್ಥನೆ, ಆಮೇಲೆ ಅರಿಶಿನ, ಆಮೇಲೆ ಬೋಂಡ, ಕಾಫಿ. ಇದರಲ್ಲಿ ತಕರಾರಿಗೆ ಜಾಗವಿದೆ ಎಂದು ನನಗಂತೂ ಗೊತ್ತಿರಲಿಲ್ಲ. ಆದರೆ ನನ್ನ ಹೆಂಡತಿಯ ತಮ್ಮ ಜಯಕರ ಈಚೆಗೆ ರಾಜೀವನಗರದಲ್ಲಿ ಒಂದು ಹೊಸ ಪ್ರಾರ್ಥನಾ ಕೂಟಕ್ಕೆ ಸೇರಿದ್ದಾನೆ. ಬೈಬಲ್‌ನಲ್ಲಿ ಇಲ್ಲದ್ದನ್ನು ಮಾಡಲೇಬಾರದು ಎಂಬುದು ಅವರ ಪಂಥ. ತನ್ನ ಮದುವೆಯಲ್ಲಿ ಕಿವಿಯ ಸಂದಿಗೂ ಬಿಡದೆ ಅರಿಶಿನ ಬಳಿಸಿಕೊಂಡು ಫೋಟೊ ತೆಗೆಸಿಕೊಂಡವನು, ಈಗ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಉದ್ದುದ್ದ ಧ್ವನಿ ಸಂದೇಶ ಹಾಕತೊಡಗಿದ. ಎಲ್ಲದರ ಕೊನೆಗೂ ಒಂದೇ ಪ್ರಶ್ನೆ: 'ಅರಿಶಿನ ಬೈಬಲ್‌ನಲ್ಲಿ ಎಲ್ಲಿದೆ ಭಾವ?'

ಅದಕ್ಕೆ ಉತ್ತರ ಕೊಟ್ಟವರು ಅವನ ತಾಯಿ, ಅಂದರೆ ನನ್ನ ಅತ್ತೆ ಸೌಂದರಮ್ಮನವರು. ಅರಿಶಿನವಿಲ್ಲದೆ ಮೊಮ್ಮಗಳನ್ನು ಮನೆಯಿಂದ ಹೊರಗೆ ಕಳಿಸುವುದಿಲ್ಲ ಎಂದವರೇ, ನೀನು ಹಾಕಿರೋ ಪ್ಯಾಂಟು ಬೈಬಲ್‌ನಲ್ಲಿ ಎಲ್ಲಿದೆಯೋ, ಇಲ್ಲದಿದ್ದರೆ ಬಿಚ್ಚಿಡು ಎಂದರು. ನಾನು ಸಂಧಾನಕ್ಕೆ ಹೋದೆ. ಅರಿಶಿನ ಇಲ್ಲದಿದ್ದರೇನು, ಬೈಬಲ್‌ನ ಪರಮಗೀತದಲ್ಲಿ ಕೇಸರಿ ಇದೆಯಲ್ಲ ಎಂದೆ. ಹಾಗಾದರೆ ಕೇಸರಿ ಹಚ್ಚಿ ಎಂದ ಜಯಕರ. ಕೇಸರಿ ಪಾಯಸಕ್ಕೆ ಹಾಕೋದೋ, ಹುಡುಗಿಗೆ ಮೆತ್ತೋದೋ ಎಂದರು ಸೌಂದರಮ್ಮ. ಸಂಧಾನಕ್ಕೆ ಹೋದವನಿಗೆ ಎರಡೂ ಕಡೆಯಿಂದ ಬಿತ್ತು.

ಇಷ್ಟಕ್ಕೇ ಮುಗಿದಿದ್ದರೆ ನಾನು ಕೂತು ಬರೆಯುತ್ತಿರಲಿಲ್ಲ. ಸೌಂದರಮ್ಮನವರು ಇನ್ನೊಂದು ಮಾತು ಹೇಳಿದರು. ಮೊದಲ ಅರಿಶಿನ ಮುತ್ತೈದೆ ಹಚ್ಚಬೇಕು, ಕರುಣಮ್ಮ ಹಿಂದೆ ನಿಂತು ನೋಡಲಿ, ಊಟಕ್ಕೆ ಇರಲಿ. ಕರುಣಮ್ಮ ಎಂದರೆ ನನ್ನ ಅಕ್ಕ. ಮಂಡಿ ಮೊಹಲ್ಲಾದ ಬೆಲ್ಲದಂಗಡಿಯೊಂದರ ಮಹಡಿಯ ಮನೆಯಲ್ಲಿ ಒಬ್ಬಳೇ ಇದ್ದಾಳೆ. ಭಾವ ಚಿಕ್ಕ ವಯಸ್ಸಿಗೇ ಹೋದರು, ಮಕ್ಕಳಿಲ್ಲ. ನನ್ನ ಹೆಂಡತಿ ಸುಗುಣ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಳು, ಒಂದು ವಾರ ಹಗಲು, ಒಂದು ವಾರ ರಾತ್ರಿ. ರೂತ್ ಬೆಳೆದದ್ದು ಅಕ್ಕನ ಸೊಂಟದ ಮೇಲೆ. ಅವಳ ತಲೆಗೆ ಎಣ್ಣೆ ಹಚ್ಚಿ, ಜಡೆ ಹೆಣೆದು, ಜ್ವರ ಬಂದಾಗ ಮಡಿಲಲ್ಲಿ ಹಾಕಿಕೊಂಡು ಕೂತ ಕೈ ಅದು. ಆ ಕೈ ಈಗ ಆಗದಂತೆ. ನನಗೆ ಸಂಕಟವಾಯಿತು. ಬೈಬಲ್‌ನಲ್ಲಿ ಹಾಗೆಲ್ಲ ಇಲ್ಲವಲ್ಲ ಎಂದು ಮೆಲ್ಲಗೆ ಅಂದೆ. ಎಲ್ಲವೂ ಬೈಬಲ್‌ನಲ್ಲೇ ಇರುತ್ತದೆಯೇ, ಕೆಲವು ನಮಗೇ ಗೊತ್ತಿರಬೇಕು ಎಂದರು ಅವರು. ಮಾತಿಗೆ ಮೊದಲು 'ಎಲ್ಲಿದೆ' ಎನ್ನುವ ಜಯಕರ ಇದೊಂದಕ್ಕೆ ಎಲ್ಲಿದೆ ಎಂದು ಕೇಳಲಿಲ್ಲ. ಫೋನು ನೋಡುತ್ತ ಕೂತಿದ್ದ.

ಕರುಣತ್ತೆ ಮೊದಲು ಹಚ್ಚದಿದ್ದರೆ ನನಗೆ ಅರಿಶಿನವೇ ಬೇಡ ಎಂದಳು ಮಗಳು. ನಾನು ಬಾಯಿ ಬಿಟ್ಟರೆ ಅಮ್ಮನಿಗೂ ನನಗೂ ಜಗಳವಾಗುತ್ತದೆ, ನೀವು ವಾಕ್ಯ ತೋರಿಸಿದರೆ ಕೇಳುತ್ತಾರೆ, ನೀವೇ ಹೇಳಿ ಎಂದಳು ಸುಗುಣ. ಅಷ್ಟರಲ್ಲಿ ಅಕ್ಕನಿಗೆ ಸುದ್ದಿ ಮುಟ್ಟಿತ್ತು. ತನಗೆ ಮಂಡಿನೋವು, ಹಿಂದಿನ ದಿನ ಬರಲಾಗುವುದಿಲ್ಲ, ಮದುವೆಗೆ ನೇರವಾಗಿ ಚರ್ಚಿಗೇ ಬಂದುಬಿಡುತ್ತೇನೆ ಎಂದು ಫೋನು ಮಾಡಿದಳು. ಎರಡು ಬಿಂದಿಗೆ ನೀರು ಹೊತ್ತು ಆ ಕಡಿದಾದ ಮೆಟ್ಟಿಲು ಹತ್ತುವವಳ ಮಂಡಿಗೆ ಇದ್ದಕ್ಕಿದ್ದಂತೆ ಬಂದ ನೋವು ಯಾವುದೆಂದು ಎಲ್ಲರಿಗೂ ಗೊತ್ತಿತ್ತು.

ನಾನು ಹುಡುಕತೊಡಗಿದೆ. ಅತ್ತೆಯ ಎದುರಿಗೆ ಬರಿಗೈಲಿ ನಿಲ್ಲುವ ಧೈರ್ಯ ನನಗಿಲ್ಲ, ಕೈಯಲ್ಲೊಂದು ವಾಕ್ಯವಿದ್ದರೆ ಅದರ ಹಿಂದೆ ಅಡಗಿಕೊಳ್ಳಬಹುದು. ಬೈಬಲ್‌ನಲ್ಲಿ ವಿಧವೆಯರಿಗೇನು ಬರ. ಅವರನ್ನು ಪೀಡಿಸಬೇಡಿ ಎಂದಿದೆ, ಅವರ ಕಷ್ಟದಲ್ಲಿ ಪರಾಮರಿಸಿ ಎಂದಿದೆ, ಹಿಟ್ಟು ತೀರದ ಮಡಕೆಯ ವಿಧವೆ ಇದ್ದಾಳೆ. ಆದರೆ ವಿಧವೆಯೂ ಮದುವಣಗಿತ್ತಿಯೂ ಒಂದೇ ಕಡೆ ಸಿಗಲಿಲ್ಲ. ಕನ್ನಡಕ ಒರೆಸಿ ಒರೆಸಿ ಕಣ್ಣು ಉರಿಯಿತು. ಮದುವೆ ಮನೆಯಲ್ಲಿ ಗಂಡಸರು ಚಪ್ಪರದವನ ಹಿಂದೆ, ಅಡುಗೆಯವನ ಹಿಂದೆ ಓಡಾಡುತ್ತಾರೆ, ನಾನು ಯಾಜಕಕಾಂಡದ ಹಿಂದೆ ಓಡಾಡುತ್ತಿದ್ದೆ. ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನಲ್ಲಿದ್ದ ರಾಯರು ಆಹ್ವಾನಪತ್ರಿಕೆ ಈಸಿಕೊಳ್ಳುವಾಗ ನನ್ನ ಮುಖ ನೋಡಿ ಏನೆಂದು ಕೇಳಿದರು. ಅರಮನೆಗೆ ಪಂಚಾಂಗ ಬರೆದುಕೊಡುತ್ತಿದ್ದ ಮನೆತನ ಅವರದು. ಎಲ್ಲ ಕೇಳಿ ನಿಟ್ಟುಸಿರುಬಿಟ್ಟರು. "ನಮ್ಮಲ್ಲೂ ಇದೇ ಗೋಳು ಕಣ್ರೀ. ಶಾಸ್ತ್ರದಲ್ಲಿದೆ ಅಂತಾರೆ. ಯಾವ ಶಾಸ್ತ್ರ ಅಂತ ಕೇಳಿದ್ರೆ ನಮ್ಮಜ್ಜಿ ಹೇಳ್ತಿದ್ಲು ಅಂತಾರೆ." ನನಗೆ ಸ್ವಲ್ಪ ಸಮಾಧಾನವಾಯಿತು, ಆದರೆ ವಾಕ್ಯ ಸಿಗಲಿಲ್ಲ.

ಸಿಕ್ಕಿದ್ದು ಅರಿಶಿನದ ದಿನ ಬೆಳಿಗ್ಗೆ. ಮಗಳು ನನ್ನ ಮುಂದೆ ಕಾಫಿ ಲೋಟ ಕುಕ್ಕಿ, ಮುಖ ಕೊಡದೆ ಒಳಗೆ ಹೋದಳು. ಸುಗುಣ ಅಡುಗೆಮನೆಯಿಂದ 'ರೂತ್' ಎಂದು ಕೂಗಿದಳು. ಆಗ ಹೊಳೆಯಿತು ನನ್ನ ಮಂದಬುದ್ಧಿಗೆ. ಬೈಬಲ್‌ನ ರೂತಳ ಅತ್ತೆ ನೊವೊಮಿ ವಿಧವೆಯಲ್ಲವೇ! ಮೈ ತೊಳೆದುಕೊ, ಎಣ್ಣೆ ಹಚ್ಚಿಕೊ, ಒಳ್ಳೆಯ ಬಟ್ಟೆ ಉಟ್ಟುಕೊ ಎಂದು ರೂತಳಿಗೆ ಹೇಳಿ, ಆ ಮದುವೆಗೆ ದಾರಿ ಮಾಡಿದವಳೇ ಅವಳು. ಆ ಪುಸ್ತಕ ಓದಿ ಮಗಳಿಗೆ ಹೆಸರಿಟ್ಟವನು ನಾನು, ಉಳಿದೆಲ್ಲ ಪುಸ್ತಕ ತಡಕಾಡಿ ಅದೊಂದನ್ನು ಬಿಟ್ಟಿದ್ದೆ. ಟಿಫಿನ್ ಕ್ಯಾರಿಯರ್ ಕೊಟ್ಟವರು ಕೇಳಿದರೆ ವಾಪಸು ತೆಗೆದುಕೊಂಡಾರು. ಬೈಬಲನ್ನು ಕಂಕುಳಲ್ಲಿ ಇಟ್ಟುಕೊಂಡು ಸ್ಕೂಟರ್ ಹತ್ತಿದೆ.

ಮಂಡಿ ಮೊಹಲ್ಲಾದಲ್ಲಿ ಆ ಹೊತ್ತಿಗೆ ಮೂಟೆ ಇಳಿಸುವ ಲಾರಿಗಳ ನಡುವೆ ಸ್ಕೂಟರ್ ತೂರಿಸುವುದೇ ಒಂದು ತಪಸ್ಸು. ಏದುಸಿರು ಬಿಡುತ್ತ ಮಹಡಿ ಹತ್ತಿದಾಗ ಅಕ್ಕ ಒರಳಿನ ಮುಂದೆ ಕೂತಿದ್ದಳು. ಅರಿಶಿನದ ಕೊಂಬು ನೆನೆಸಿ ನುಣ್ಣಗೆ ಅರೆದು, ಹಾಲಿನ ಕೆನೆ ಸೇರಿಸಿ ಬೆಳ್ಳಿ ಬಟ್ಟಲಿಗೆ ತುಂಬುತ್ತಿದ್ದಳು. ಅಂಗಡಿ ಪುಡಿ ಮಗುವಿನ ಮುಖಕ್ಕೆ ಉರಿಯುತ್ತದೆ, ಇದನ್ನು ತೆಗೆದುಕೊಂಡು ಹೋಗು ಎಂದಳು, ತಲೆ ಎತ್ತದೆ. ತಾನು ಹಚ್ಚುವಂತಿಲ್ಲದ ಅರಿಶಿನವನ್ನು ಅರೆದು ಕಳಿಸುತ್ತಿದ್ದಳು. ಅದನ್ನು ನೋಡಿಯೂ ನನಗೆ ಬುದ್ಧಿ ಎಲ್ಲಿ ಬರಬೇಕು? ಬೈಬಲ್ ತೆರೆದು, ಸಿಕ್ಕಿತು ಅಕ್ಕ, ಮೂರನೆಯ ಅಧ್ಯಾಯ, ನೊವೊಮಿ ವಿಧವೆ, ಇನ್ನು ನಮ್ಮತ್ತೆ ಉಸಿರೆತ್ತುವ ಹಾಗಿಲ್ಲ ಎಂದು ಒಂದೇ ಉಸಿರಿನಲ್ಲಿ ಒದರಿದೆ.

ಅಕ್ಕ ಕೈ ತೊಳೆದುಕೊಂಡು ಸೆರಗಿಗೆ ಒರೆಸಿಕೊಂಡಳು.

"ನನ್ನ ಕರೀಬೇಕಾ ಬೇಡ್ವಾ ಅಂತ ಇಷ್ಟು ದಿನ ಆ ಪುಸ್ತಕದಲ್ಲಿ ಹುಡುಕ್ತಿದ್ಯೇನೋ? ನಾನೇನು ವಾಕ್ಯ ಕೇಳಿದ್ನಾ? ನೀನು ಒಂದು ಸಲ ಬಾ ಅಕ್ಕ ಅಂದಿದ್ರೆ ಬಂದ್ಬುಡ್ತಿದ್ದೆ ಕಣೋ."

ನಾನು ಬೈಬಲ್ ಮುಚ್ಚಿದೆ. ಇಷ್ಟು ದಿನ ಅದರಲ್ಲಿ ಏನು ಬರೆದಿದೆ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದವನಿಗೆ ಅವಳ ಮುಖದಲ್ಲಿ ಬರೆದದ್ದು ಓದಲು ಬಂದಿರಲಿಲ್ಲ. ನಾಚಿಕೆಯಾಯಿತು. "ಬಾ ಅಕ್ಕ," ಎಂದೆ. ಅವಳು ಪೆಟ್ಟಿಗೆಯಿಂದ ರೇಷ್ಮೆ ಸೀರೆ ತೆಗೆದಳು. ಮಂಡಿನೋವಿನ ಮಾತು ಇಬ್ಬರೂ ಎತ್ತಲಿಲ್ಲ.

ಸಂಜೆ ಪ್ರಾರ್ಥನೆ ಮುಗಿಯಿತು. ಸೌಂದರಮ್ಮನವರು ಬಟ್ಟಲಿಗೆ ಕೈ ಚಾಚುವ ಮೊದಲೇ ನಾನು ಅದನ್ನೆತ್ತಿ ಅಕ್ಕನ ಕೈಗೆ ಕೊಟ್ಟೆ. ಎಲ್ಲರೂ ಅಭ್ಯಾಸಬಲದಿಂದ ನನ್ನ ಬಾಯಿ ನೋಡಿದರು, ಅಧ್ಯಾಯ ಮತ್ತು ವಚನಕ್ಕಾಗಿ. ಇದು ಎಲ್ಲಿ ಬರೆದಿದೆ ಎಂದು ಸೌಂದರಮ್ಮನವರೇ ಕೇಳಿದರು. ನೊವೊಮಿ ನನ್ನ ನಾಲಿಗೆಯ ತುದಿಯಲ್ಲೇ ಇದ್ದಳು. "ಎಲ್ಲೂ ಬೇಡ. ನಾನು ಹೇಳ್ತಾ ಇದ್ದೀನಿ. ಅಕ್ಕನೇ ಹಚ್ಚಲಿ," ಎಂದೆ. ಸೌಂದರಮ್ಮನವರು ನನ್ನನ್ನೊಮ್ಮೆ, ಅಕ್ಕನನ್ನೊಮ್ಮೆ, ಕಣ್ಣು ತುಂಬಿಕೊಂಡ ಮೊಮ್ಮಗಳನ್ನೊಮ್ಮೆ ನೋಡಿದರು. ಆಮೇಲೆ, ನಿಂತುಕೊಂಡು ಹಚ್ಚಿದರೆ ಸೀರೆಗೆ ಬೀಳುತ್ತದೆ, ಕೂತುಕೊಂಡು ಹಚ್ಚು ಕರುಣಮ್ಮ ಎಂದು ತಾವೇ ಮಣೆ ಸರಿಸಿದರು. ಅಕ್ಕ ರೂತ್‌ಳ ಎರಡು ಕೆನ್ನೆಗೂ ಹಚ್ಚಿದಳು. ಇಬ್ಬರೂ ಅತ್ತರು. ಬಾಗಿಲಾಚೆ ಪ್ರತಿಭಟನೆಗೆ ನಿಂತಿದ್ದ ಜಯಕರ ಬೋಂಡದ ವಾಸನೆಗೆ ಒಳಗೆ ಬಂದ.

ಅಲ್ಲಿಗೆ ನಾನು ಸುಮ್ಮನಿರಬೇಕಿತ್ತು. ಆದರೆ ಕಷ್ಟಪಟ್ಟು ಹುಡುಕಿದ ವಾಕ್ಯ ಹೊಟ್ಟೆಯಲ್ಲಿ ಅರಗಬೇಕಲ್ಲ. ಅಂದ ಹಾಗೆ ರೂತಳ ಗ್ರಂಥ ಮೂರನೆಯ ಅಧ್ಯಾಯದಲ್ಲಿ ಎಂದು ಶುರುಮಾಡಿದೆ. ಅಕ್ಕ ಬಟ್ಟಲಲ್ಲಿ ಉಳಿದಿದ್ದ ಅಷ್ಟೂ ಅರಿಶಿನವನ್ನು ತೆಗೆದು ನನ್ನ ಬಾಯಿಗೆ ಮೆತ್ತಿದಳು. ಎಲ್ಲರಿಗಿಂತ ಜೋರಾಗಿ ನಕ್ಕವರು ಸೌಂದರಮ್ಮನವರು.

ನನ್ನ ಮೀಸೆ ಪೂರ್ತಿ ಬಿಳಿ. ಕಡಲೆಹಿಟ್ಟು, ನಿಂಬೆಹಣ್ಣು, ಕೊಬ್ಬರಿ ಎಣ್ಣೆ, ಬಟ್ಟೆ ಸೋಪು ಎಲ್ಲ ಆಯಿತು. ತಿಕ್ಕಿದಷ್ಟೂ ಹಳದಿ ಹೊಳೆಯುತ್ತಲೇ ಹೋಯಿತು. ಮರುದಿನ ಮದುವೆಯಲ್ಲಿ ಬೈಬಲ್ ಪಾಠ ಓದುವವನು ನಾನೇ. ಸೂಟು ಹಾಕಿಕೊಂಡು, ಚಿನ್ನದ ಬಣ್ಣದ ಮೀಸೆ ಹೊತ್ತು, ತುಂಬಿದ ಸಭೆಯ ಮುಂದೆ ನಿಂತು ಗಂಭೀರವಾಗಿ ಓದಿದೆ. ಆ ದಿನ ಬೈಬಲ್ ಏನು ಹೇಳಿತು, ಏನು ಹೇಳಲಿಲ್ಲ ಎಂದು ಒಬ್ಬರಾದರೂ ಕೇಳಿಸಿಕೊಂಡರೆಂಬ ನಂಬಿಕೆ ನನಗಿಲ್ಲ.