ಹಾಂಗ್‌ಕಾಂಗ್ ಸಾಹೇಬರ ನುಡಿಗಟ್ಟುಗಳು

ಬೇರೆ ಭಾಷೆಯ ಮಾತಿನ ಅರ್ಥ ಎಡವಿ ಬಿದ್ದಮೇಲೇ ತಿಳಿಯೋದು. ನಾನಂತೂ ವಾರಕ್ಕೊಂದು ಸಲ ಬೀಳುತ್ತಿದ್ದೆ. ನೈರೋಬಿಯ ನಮ್ಮ ಮಾತ್ರೆ ಕಾರ್ಖಾನೆಗೆ ಹೊಸ ಪ್ಯಾಕಿಂಗ್ ಮೆಷಿನ್ ಕೂರಿಸಲು ಹಾಂಗ್‌ಕಾಂಗಿನಿಂದ ಒಬ್ಬ ಹಿರಿಯ ಎಂಜಿನಿಯರ್ ಬಂದಿದ್ದರು. ತಮ್ಮ ಕ್ಯಾಂಟನೀಸ್ ನುಡಿಗಟ್ಟುಗಳನ್ನು ಪದಕ್ಕೆ ಪದ ಇಂಗ್ಲಿಷ್ ಮಾಡಿ ಆಡುವುದು ಅವರ ಅಭ್ಯಾಸ. ಮೇಂಟೆನೆನ್ಸ್ ನೋಡುವ ನನಗೆ ಅವರ ಜೊತೆಗಿರುವ ಕೆಲಸ.

೧. ಎಣ್ಣೆ ಹಾಕು

ಮೊದಲ ದಿನ ನಮ್ಮ ಮೆಕ್ಯಾನಿಕ್ ಬೆವರು ಸುರಿಸಿ ಬೋಲ್ಟ್ ಬಿಗಿಯುತ್ತಿದ್ದ. ಸಾಹೇಬರು ಪಕ್ಕದಲ್ಲೇ ನಿಂತು "ಆಡ್ ಆಯಿಲ್, ಆಡ್ ಆಯಿಲ್" ಅನ್ನುತ್ತಿದ್ದರು. ಅವರ ಭಾಷೆಯಲ್ಲಿ ಅದು "ಗಾ ಯಾವ್". ಭೇಷ್, ಬಿಡಬೇಡ ಅಂತ ಹುರಿದುಂಬಿಸುವ ಮಾತು. ಅದು ನಮಗೆ ಗೊತ್ತಾದದ್ದು ಮಧ್ಯಾಹ್ನ, ಮೆಷಿನ್ ಕೆಳಗೆ ಎಣ್ಣೆಯ ಕೆರೆಯಾದಾಗ.

ಮೆಕ್ಯಾನಿಕ್ ಖಾಲಿ ಡಬ್ಬ ತೋರಿಸಿ ಹೇಳಿದ, "ಬಾಸ್, ಸಾಕು ಅಂತ ಇವರು ಒಂದು ಸಲವೂ ಹೇಳಲಿಲ್ಲ."

೨. ಬಿಡುವಾದಾಗ ಚಹಾ

ದಿನಾ ಸಂಜೆ ಹೊರಡುವಾಗ ಸಾಹೇಬರು "ಬಿಡುವಾದಾಗ ಚಹಾ ಕುಡಿಯೋಣ" ಅನ್ನುತ್ತಿದ್ದರು. ಇಷ್ಟು ಕರೆದಮೇಲೆ ಹೋಗದಿದ್ದರೆ ತಪ್ಪಾಗುತ್ತೆ ಅಂತ ಒಂದು ಶನಿವಾರ ಹೆಂಡತಿ, ಮಗಳು, ಒಂದು ಡಬ್ಬಿ ಚಕ್ಕುಲಿ ಸಮೇತ ಅವರೇ ಕೊಟ್ಟಿದ್ದ ಅಡ್ರೆಸ್ ಹಿಡಿದು ಲೊರೆಶೋ ಬಡಾವಣೆಯ ಅವರ ಮನೆಗೆ ಹೋದೆ. ಚಡ್ಡಿಯಲ್ಲೇ ಬಾಗಿಲು ತೆರೆದ ಸಾಹೇಬರು ಗಾಬರಿಯಾದರು. ಚಹಾ ಕೊಟ್ಟಮೇಲೆ ಮೆಲ್ಲಗೆ, "ನಮ್ಮಲ್ಲಿ ಅದು ಹೋಗಿಬರ್ತೀನಿ ಅನ್ನೋ ಮಾತು ಅಷ್ಟೆ" ಅಂದರು.

"ನಮ್ಮ ಬೆಂಗಳೂರಲ್ಲೂ ಬನ್ನಿ ಮನೆಗೆ ಅಂತ ಹೀಗೇ ಹೇಳ್ತೀವಿ ಸಾರ್," ಅಂದೆ. "ಆದರೆ ಅಡ್ರೆಸ್ ಕೊಡಲ್ಲ."

೩. ಸತ್ತ ಬೆಕ್ಕು

ಸಾಹೇಬರು ಒಂದು ಬಿಡಿಭಾಗ ತಿರುಗಾಮುರುಗಾ ಜೋಡಿಸಿದ್ದರಿಂದ ಎರಡು ದಿನ ಮೆಷಿನ್ ನಿಂತಿತು. ಮಾಲೀಕರು ಕೂಗಾಡಿದರು. ವಯಸ್ಸಾದವರು, ಪಾಪ ಅನ್ನಿಸಿ, ತಪ್ಪು ನನ್ನದು ಅಂತ ನಾನೇ ಬೈಸಿಕೊಂಡೆ.

ಆ ಭಾನುವಾರ ಅವರು ಸೌತ್ ಬಿ ಬಡಾವಣೆಯ ನಮ್ಮ ಮನೆಗೆ ಊಟಕ್ಕೆ ಬಂದರು. ಮೈಸೂರಿನಿಂದ ಬಂದಿದ್ದ ನಮ್ಮಮ್ಮ ಸಾರು ಬಡಿಸುತ್ತಿದ್ದರು. ಅಮ್ಮ ಈರುಳ್ಳಿಯನ್ನೂ ಮುಟ್ಟದವರು, ಇಂಗ್ಲಿಷೂ ಬಾರದು. ಸಾಹೇಬರು ಎದ್ದುನಿಂತು ಕೈಮುಗಿದು, ಕಣ್ಣಲ್ಲಿ ನೀರು ತುಂಬಿಕೊಂಡು, ನಿಮ್ಮ ಮಗ ನನಗಾಗಿ ಸತ್ತ ಬೆಕ್ಕು ತಿಂದ ಅಂತ ಇಂಗ್ಲಿಷಿನಲ್ಲಿ ಹೇಳಿದರು. ಬೇರೆಯವರ ತಪ್ಪು ಹೊರುವುದಕ್ಕೆ ಅವರಲ್ಲಿ ಹಾಗನ್ನುತ್ತಾರಂತೆ. ನಾನು ಬಾಯಿ ತೆರೆಯುವ ಮೊದಲೇ, ಎಂದೂ ಕನ್ನಡ ಆಡದ ನನ್ನ ಮಗಳು ಅಂದೇ ಆಡಿದಳು, "ಅಜ್ಜಿ, ಅಪ್ಪ ಆಫೀಸಲ್ಲಿ ಸತ್ತಿದ್ದ ಕ್ಯಾಟ್ ತಿಂದ."

ಅಮ್ಮನ ಕೈಯಲ್ಲಿ ಸೌಟು ನಿಂತಿತು. ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ನನ್ನ ಹೆಂಡತಿಯ ಕಡೆ ತಿರುಗಿದರು.

"ಇವನ ಊಟದ ಡಬ್ಬಿಗೆ ಎರಡೇ ಚಪಾತಿ ಸಾಲಲ್ಲ ಅಂತ ನಾನು ಬಂದ ದಿನವೇ ಹೇಳಿದ್ದೆ."